2.20 ಅಂದರೆ ಎಷ್ಟು ಭೂಮಿ? ಗಳೆಯಿಂದ ಚದರ ಮೀಟರ್‌ವರೆಗೆ ನಮ್ಮ ನೆಲದ ಅಳತೆ

ವಾಟ್ಸಾಪ್ ಗ್ರೂಪುಗಳಲ್ಲಿ ದಿನಾ ಬರುವ ಜಮೀನು, ಸೈಟಿನ ಜಾಹೀರಾತುಗಳನ್ನು ಸ್ವಲ್ಪ ಗಮನಿಸಿ ನೋಡಿ. ಒಂದರಲ್ಲಿ "ಹೈವೇಗೆ ಹತ್ತಿರ 30×40 ಸೈಟು" ಅಂತಿರುತ್ತದೆ. ಅದರ ಕೆಳಗೆ "2 ಎಕರೆ 20 ಗುಂಟೆ ನೀರಾವರಿ ಜಮೀನು". ಮಂಗಳೂರು, ಉಡುಪಿ ಕಡೆಯದಾದರೆ "10 ಸೆಂಟ್ಸ್ ಜಾಗ". ಬೆಳಗಾವಿ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಉತಾರದಲ್ಲಿ ಹೆಕ್ಟೇರು ಮತ್ತು ಆರ್. ಇನ್ನು ಅದೇ 30×40 ಸೈಟಿನ ಇ-ಸ್ವತ್ತು ನಮೂನೆ 9 ತೆಗೆಸಿ ನೋಡಿದರೆ ಅಲ್ಲಿ ಅಡಿಯ ಲೆಕ್ಕವೇ ಬೇರೆಯಾಗಿ 111.48 ಚದರ ಮೀಟರ್ ಅಂತ ಬಂದಿರುತ್ತದೆ.

ಅಂಗಡಿಯಲ್ಲಿ ಈ ಗೊಂದಲ ಇಲ್ಲ. ಸಕ್ಕರೆ ಕೊಳ್ಳುವಾಗ ಕಿಲೋ, ಹಾಲು ಕೊಳ್ಳುವಾಗ ಲೀಟರ್. ಸೇರು, ಪಾವು, ಮಣ ಎಲ್ಲ ಅಜ್ಜ ಅಜ್ಜಿಯರ ಮಾತಿನಲ್ಲಷ್ಟೇ ಉಳಿದಿವೆ. ಐವತ್ತು ರೂಪಾಯಿ ಸಕ್ಕರೆಗೆ ಒಂದೇ ಅಳತೆ ಇರುವಾಗ, ಐವತ್ತು ಲಕ್ಷದ ಭೂಮಿಗೆ ನಾಲ್ಕು ಅಳತೆ ಏಕೆ? ಇದಕ್ಕೆ ಉತ್ತರ ನಮ್ಮ ನೆಲದ ಇತಿಹಾಸದಲ್ಲೇ ಇದೆ. ಆ ಇತಿಹಾಸ ಗೊತ್ತಿಲ್ಲದವರು ಕ್ರಯಪತ್ರದ ದಿನ ದುಡ್ಡು ಕಳೆದುಕೊಳ್ಳುತ್ತಾರೆ. ಅದಕ್ಕೇ ಈ ಬರಹ.

ಬೀಜದಿಂದ ಅಳೆದ ಕಾಲ

ನಮ್ಮ ಹಿರಿಯರು ಭೂಮಿಯನ್ನು ಅಳೆದದ್ದು ಎರಡು ರೀತಿ. ಒಂದು ಕೋಲಿನಿಂದ, ಇನ್ನೊಂದು ಬೀಜದಿಂದ.

ಕೋಲಿನ ಲೆಕ್ಕ ಶಾಸನಗಳಲ್ಲಿ ಸಿಗುತ್ತದೆ. ದೇವಸ್ಥಾನಕ್ಕೋ ಮಠಕ್ಕೋ ಕೆರೆಗೋ ಭೂಮಿ ಬಿಟ್ಟ ದತ್ತಿ ಶಾಸನಗಳಲ್ಲಿ ಮತ್ತರು, ಕಮ್ಮ, ನಿವರ್ತನ ಎಂಬ ಅಳತೆಗಳು ಬರುತ್ತವೆ. ಅಳೆಯುವ ಕೋಲಿಗೆ ಗಳೆ ಅನ್ನುತ್ತಿದ್ದರು. ಎಲ್ಲ ಊರಿನ ಗಳೆ ಒಂದೇ ಉದ್ದ ಇರಲಿಲ್ಲ. ಹಾಗಾಗಿ ಎಷ್ಟೋ ಶಾಸನಗಳು ಎಷ್ಟು ಮತ್ತರು ಅಂತ ಬರೆದು ಸುಮ್ಮನಾಗುವುದಿಲ್ಲ, ಯಾವ ಗಳೆಯಲ್ಲಿ ಅಳೆದದ್ದು ಅನ್ನುವುದನ್ನೂ ಹೇಳುತ್ತವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕಡೆ ಭೇರುಂಡ ಗಳೆ ಎಂಬ ಹೆಸರು ಸಿಗುತ್ತದೆ. ಅದೇ ಊರಿನಲ್ಲಿ ಹನ್ನೊಂದನೇ ಶತಮಾನದ ಗಂಡಭೇರುಂಡ ಕಂಬ ಇವತ್ತಿಗೂ ನಿಂತಿದೆ. ಕೋಲಿನ ಹೆಸರು ಬರೆಯದಿದ್ದರೆ ಮುಂದೆ ಜಗಳ ಬರುತ್ತದೆ ಅನ್ನುವುದು ಸಾವಿರ ವರ್ಷದ ಹಿಂದಿನವರಿಗೇ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬೀಜದ ಲೆಕ್ಕ ರೈತರದು. ಒಂದು ಖಂಡುಗ ಭತ್ತ ಬಿತ್ತಿದರೆ ಎಷ್ಟು ನೆಲ ತುಂಬುತ್ತದೋ ಅದು ಖಂಡುಗದ ಗದ್ದೆ. ಕೊಳಗದಷ್ಟು ಬಿತ್ತಿದರೆ ಕೊಳಗದ ಗದ್ದೆ. ಕರಾವಳಿಯಲ್ಲಿ ಮುಡಿ ಲೆಕ್ಕ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದ ಹೊಲಕ್ಕೆ ಕೂರಿಗೆ ಎಂಬುದೇ ಅಳತೆಯ ಹೆಸರು. ಟಿಪ್ಪು ಮಡಿದ ಮೇಲೆ 1800-01ರಲ್ಲಿ ಕಂಪನಿ ಸರ್ಕಾರದ ಆದೇಶದಂತೆ ಮೈಸೂರು, ಕೆನರಾ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿನಲ್ಲೂ ಈ ಬೀಜದ ಲೆಕ್ಕವನ್ನೇ ಕೇಳಿ ಬರೆದುಕೊಂಡ.

ಈ ಲೆಕ್ಕದಲ್ಲಿ ಒಂದು ಜಾಣತನ ಇತ್ತು. ಅದು ನೆಲದ ಅಗಲಕ್ಕಿಂತ ನೆಲದಲ್ಲಿ ಮಾಡುವ ಬೇಸಾಯವನ್ನು ಹೇಳುತ್ತಿತ್ತು. ಬಿತ್ತನೆಗೆ ಎಷ್ಟು ಬೀಜ ಬೇಕು, ಎಷ್ಟು ಆಳು ಬೇಕು ಅಂತ ಅಳತೆಯ ಹೆಸರಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಖುಷ್ಕಿಯ ಖಂಡುಗವೇ ಬೇರೆ, ತರಿಯ ಖಂಡುಗವೇ ಬೇರೆ. ಒಂದು ಊರಿನ ಕೊಳಗ ಪಕ್ಕದ ಊರಿನ ಕೊಳಗಕ್ಕೆ ಸಮ ಇರಲಿಲ್ಲ. ಊರೊಳಗಿನವರಿಗೆ ಇದು ತೊಂದರೆಯಲ್ಲ. ಊರ ಹೊರಗೆ ಕುಳಿತು ಕಂದಾಯ ಎಣಿಸುವ ಸರ್ಕಾರಕ್ಕೆ ಮಾತ್ರ ದೊಡ್ಡ ತೊಂದರೆ.

ಸರಪಳಿ ಬಂತು

ಕಂದಾಯ ಎಣಿಸಲು ಇಂಗ್ಲಿಷರು ತಂದದ್ದು ಎಕರೆ. ಎಕರೆಯ ಜೊತೆಗೆ ಸರಪಳಿಯೂ ಬಂತು.

ಎಡ್ಮಂಡ್ ಗಂಟರ್ ಎಂಬ ಇಂಗ್ಲೆಂಡಿನ ಗಣಿತಜ್ಞ 1620ರಲ್ಲಿ 66 ಅಡಿ ಉದ್ದದ ಅಳತೆ ಸರಪಳಿಯನ್ನು ಬಳಕೆಗೆ ತಂದ. ಅದರಲ್ಲಿ 100 ಕೊಂಡಿ. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದದ ನೆಲ ಸರಿಯಾಗಿ ಒಂದು ಎಕರೆ, ಅಂದರೆ 43,560 ಚದರ ಅಡಿ. 66 ಅಡಿ ಎಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ ಕ್ರಿಕೆಟ್ ಪಿಚ್ ನೆನೆಸಿಕೊಳ್ಳಿ. 22 ಗಜದ ಪಿಚ್ಚು ಅಂದರೆ ಒಂದು ಗಂಟರ್ ಸರಪಳಿಯೇ.

ಈ ಸರಪಳಿ ನಮ್ಮ ನಾಡಿಗೆ ಒಂದೇ ದಾರಿಯಲ್ಲಿ ಬರಲಿಲ್ಲ. ಆಗ ಕನ್ನಡ ನಾಡು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿ. ಮೈಸೂರು ಒಂದು ಕಡೆ, ಕೊಡಗು ಇನ್ನೊಂದು ಕಡೆ.

ಮುಂಬೈ ಪ್ರಾಂತ್ಯದಲ್ಲಿ 1820ರ ದಶಕದ ಕೊನೆಗೆ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಮೊದಲ ಮೋಜಣಿ ಕೆಟ್ಟಿತು. ಕಂದಾಯ ಭಾರವಾಗಿ ರೈತರು ಹೊಲ ಬಿಟ್ಟು ಹೋದರು. ಆಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಹೊಸದಾಗಿ ಅಳತೆ ಶುರು ಮಾಡಿದರು. 1840ರ ದಶಕದಲ್ಲಿ ಅದೇ ಪದ್ಧತಿ ಧಾರವಾಡ, ಬೆಳಗಾವಿ ಸೀಮೆಗೂ ಬಂತು. ಮೈಸೂರಿನಲ್ಲಿ ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಿಂದ, ಇದೇ ಮುಂಬೈ ಮಾದರಿಯಲ್ಲಿ ಕಂದಾಯ ಮೋಜಣಿ ನಡೆಯಿತು.

ಈ ಮುಂಬೈ ಪದ್ಧತಿಯವರು ಒಂದು ಕೆಲಸ ಮಾಡಿದರು. ಗಂಟರ್ ಸರಪಳಿಯನ್ನು ಅರ್ಧ ಮಾಡಿ 33 ಅಡಿಗೆ ಇಳಿಸಿದರು. ಅದನ್ನು ಕೊಂಡಿ ಲೆಕ್ಕದಲ್ಲಿ ಹಂಚದೆ ನಮ್ಮ ಜನರ ಬಾಯಲ್ಲಿದ್ದ ರೂಪಾಯಿ-ಆಣೆ ಲೆಕ್ಕದಂತೆ 16 ಆಣೆಗೆ ಹಂಚಿದರು. 33 ಅಡಿಗೆ 33 ಅಡಿ ಚೌಕ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ 16ನೇ ಒಂದು ಪಾಲು ಒಂದು ಆಣೆ, ಸುಮಾರು 68 ಚದರ ಅಡಿ. ವಿದೇಶದ ಎಕರೆಯನ್ನು ಶಾನುಭೋಗರ ಬಾಯಿಲೆಕ್ಕಕ್ಕೆ ಹೊಂದಿಸಿದ ರೀತಿ ಇದು.

ಮದ್ರಾಸ್ ಪ್ರಾಂತ್ಯದವರು ಬೇರೆ ದಾರಿ ಹಿಡಿದರು. ಅವರು ಎಕರೆಯನ್ನು ನೇರವಾಗಿ ನೂರು ಪಾಲು ಮಾಡಿದರು. ಒಂದು ಪಾಲಿಗೆ ಸೆಂಟ್ಸ್ ಅಂದರು, 435.6 ಚದರ ಅಡಿ. ಹಾಗಾಗಿ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಕರಾವಳಿಯ ಪಹಣಿಯಲ್ಲಿ ಇವತ್ತಿಗೂ ಸೆಂಟ್ಸ್ ಇರುವುದಕ್ಕೆ ಇದೇ ಕಾರಣ.

ಇಲ್ಲಿಯೇ ನೋಡಿ 2.20 ಎಂಬ ಅಂಕಿಯ ಆಟ. ಹಾವೇರಿಯಲ್ಲೋ ಮಂಡ್ಯದಲ್ಲೋ ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಅಂತಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ದಕ್ಷಿಣ ಕನ್ನಡದಲ್ಲಿ ಅದೇ 2.20 ಅಂದರೆ ಎರಡು ಎಕರೆ ಇಪ್ಪತ್ತು ಸೆಂಟ್ಸ್. ಎರಡಕ್ಕೂ ವ್ಯತ್ಯಾಸ 12 ಗುಂಟೆ, 13,068 ಚದರ ಅಡಿ. ಅಷ್ಟರಲ್ಲಿ ಹತ್ತು 30×40 ಸೈಟು ಹಿಡಿಸಿ ಮಿಕ್ಕುತ್ತದೆ.

ಸರ್ಕಾರ ಬದಲಾಯಿತು, ಸರಪಳಿ ಉಳಿಯಿತು

1956 ಎರಡು ಕಾರಣಕ್ಕೆ ಮುಖ್ಯ ವರ್ಷ. ನವೆಂಬರ್ 1ಕ್ಕೆ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು. ಅದೇ ವರ್ಷ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿ ತರುವ ತೂಕ ಮತ್ತು ಅಳತೆ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಆಯಿತು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ, ಮೀಟರ್, ಲೀಟರ್ ಬಂದವು. ಕೆಲವೇ ವರ್ಷಗಳಲ್ಲಿ ಅಂಗಡಿ, ಸಂತೆ, ಬಟ್ಟೆ ವ್ಯಾಪಾರ ಎಲ್ಲ ಬದಲಾಯಿತು.

ನೆಲ ಮಾತ್ರ ಬದಲಾಗಲಿಲ್ಲ. ಕಾರಣ ಸುಲಭ. ಅಂಗಡಿಯ ಸಕ್ಕರೆ ಈ ವಾರ ಖಾಲಿಯಾದರೆ ಮುಂದಿನ ವಾರದ್ದನ್ನು ಹೊಸ ತೂಕದಲ್ಲಿ ತೂಗಬಹುದು. ಭೂಮಿ ಖಾಲಿಯಾಗುವ ಸರಕಲ್ಲ. ಅದರ ಹಿಂದೆ ಟಿಪ್ಪಣಿ, ಆಕಾರ್‌ಬಂದ್, ಪಕ್ಕಾ ಪುಸ್ತಕ, ಪೋಡಿ, ಹಿಸ್ಸಾ ಅಂತ ನೂರೈವತ್ತು ವರ್ಷದ ಕಾಗದದ ಸಾಲೇ ಇದೆ. ಅದರಲ್ಲಿ ಮೂಲ ಟಿಪ್ಪಣಿ ಬರೆದದ್ದು ಸರಪಳಿ-ಆಣೆಯಲ್ಲಿ. ಒಂದು ಸರ್ವೆ ನಂಬರನ್ನು ಮೀಟರಿಗೆ ತಂದರೆ ದಶಾಂಶದ ಕೊನೆಯ ಅಂಕಿಯನ್ನು ಎಲ್ಲಿಗೆ ನಿಲ್ಲಿಸಬೇಕು ಅನ್ನುವ ಪ್ರಶ್ನೆ ಬರುತ್ತದೆ. ಕಾಗದದ ಮೇಲೆ ನಾಲ್ಕು ಅಂಗುಲ ಆಚೀಚೆ ಆದರೂ ಬದುವಿನ ಮೇಲೆ ಅಣ್ಣ ತಮ್ಮಂದಿರ ನಡುವೆ ದೊಣ್ಣೆ ಏಳುತ್ತದೆ.

ಹೀಗಾಗಿ ನಾಣ್ಯದಲ್ಲಿ 1957ಕ್ಕೇ ಸತ್ತುಹೋದ ಆಣೆ ನಮ್ಮ ಪಹಣಿಯಲ್ಲಿ ಇನ್ನೂ ಬದುಕಿದೆ. ಎಕರೆ, ಗುಂಟೆ ಆದ ಮೇಲೆ ಮೂರನೇ ಅಂಕಿ ಇದ್ದರೆ ಅದು ಆಣೆ. ಇವತ್ತು ಭೂಮಾಪಕರು ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಯಂತ್ರ ಹಿಡಿದು ಹೊಲಕ್ಕೆ ಬರುತ್ತಾರೆ. ಯಂತ್ರ ಮೀಟರ್ ಹೇಳುತ್ತದೆ. ಆದರೆ ಹಳೆಯ ಟಿಪ್ಪಣಿಯ ಜೊತೆ ತಾಳೆ ನೋಡಬೇಕಾದರೆ ಅವರು ಸರಪಳಿ-ಆಣೆಯ ಭಾಷೆಯನ್ನೂ ಬಲ್ಲವರಾಗಿರಬೇಕು.

ಮಹಾರಾಷ್ಟ್ರದವರು ಧೈರ್ಯ ಮಾಡಿ ಹೊಲದ ಉತಾರವನ್ನು ಹೆಕ್ಟೇರ್-ಆರ್‌ಗೆ ಬದಲಾಯಿಸಿದರು. 100 ಚದರ ಮೀಟರ್ ಒಂದು ಆರ್, 100 ಆರ್ ಒಂದು ಹೆಕ್ಟೇರ್. ಒಂದು ಗುಂಟೆ 101.17 ಚದರ ಮೀಟರ್ ಇರುವುದರಿಂದ ಆರ್ ಮತ್ತು ಗುಂಟೆ ಹೆಚ್ಚುಕಡಿಮೆ ಒಂದೇ. ಗಡಿಯ ಜನ ಆರ್ ಅನ್ನೇ ಗುಂಟೆ ಅಂತ ಕರೆಯುವುದುಂಟು. ಆದರೆ 40 ಆರ್ ಅಂದರೆ ಒಂದು ಎಕರೆಗೆ ಸುಮಾರು 504 ಚದರ ಅಡಿ ಕಡಿಮೆ. ಐದು ಎಕರೆ ವ್ಯವಹಾರದಲ್ಲಿ ಅದು ಎರಡು ಗುಂಟೆ ದಾಟುತ್ತದೆ. ಗಡಿಯಾಚೆ ಹೊಲ ಕೊಳ್ಳುವವರು, ಮಗಳ ಮನೆಯ ಆಸ್ತಿ ವಿಚಾರ ಮಾತಾಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು.

ಸೈಟಿನ ಅಡಿ, ಕಾಗದದ ಮೀಟರ್

ಹೊಲದ ಮಾತು ಹಾಗಾದರೆ ಸೈಟಿನ ಮಾತು ಇನ್ನೂ ನಾಜೂಕು. 20×30, 30×40, 40×60, 50×80 ಎಂಬ ಸೈಟುಗಳು ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹೋಬಳಿ ಊರಿನವರೆಗೂ ನಮ್ಮ ಬಾಯಲ್ಲಿ ಕೂತುಬಿಟ್ಟಿವೆ. ಇವೆಲ್ಲ ಅಡಿ ಲೆಕ್ಕ. ಸರ್ಕಾರಿ ಬಡಾವಣೆಗಳು ಮಾತ್ರ ಮೀಟರಿಗೆ ಹೋಗಿವೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೆಂಪೇಗೌಡ ಬಡಾವಣೆಯಂಥ ಕಡೆ ಸೈಟಿನ ಅಳತೆ 6×9, 9×12, 12×18, 15×24 ಮೀಟರ್. ಜನ ಇವನ್ನೂ 20×30, 30×40, 40×60, 50×80 ಅಂತಲೇ ಕರೆಯುತ್ತಾರೆ.

ಎರಡೂ ಒಂದೇನಾ? ಲೆಕ್ಕ ಹಾಕೋಣ. 9 ಮೀಟರ್ ಅಂದರೆ ಸುಮಾರು 29 ಅಡಿ 6 ಅಂಗುಲ. 12 ಮೀಟರ್ ಅಂದರೆ ಸುಮಾರು 39 ಅಡಿ 4 ಅಂಗುಲ. 9×12 ಮೀಟರ್ ಸೈಟು 108 ಚದರ ಮೀಟರ್, ಅಂದರೆ 1,162 ಚದರ ಅಡಿ ಚಿಲ್ಲರೆ. 30×40 ಅಡಿ ಸೈಟು 1,200 ಚದರ ಅಡಿ. ಕೊರತೆ ಸುಮಾರು 37 ಚದರ ಅಡಿ. 40×60 ಬದಲು 12×18 ಆದರೆ ಕೊರತೆ 75 ಚದರ ಅಡಿ. 50×80 ಬದಲು 15×24 ಆದರೆ 125 ಚದರ ಅಡಿ. ಚದರ ಅಡಿಗೆ 4,000 ರೂಪಾಯಿ ದರ ಇರುವ ಕಡೆ 37 ಚದರ ಅಡಿ ಅಂದರೆ ಒಂದೂವರೆ ಲಕ್ಷದ ಹತ್ತಿರ. ಪ್ರಾಧಿಕಾರ ತನ್ನ ಕಾಗದದಲ್ಲಿ ಮೀಟರ್ ಅಂತಲೇ ಬರೆದಿರುತ್ತದೆ, ಅದರಲ್ಲಿ ಮೋಸ ಇಲ್ಲ. ಅದನ್ನು ಮರುಮಾರಾಟ ಮಾಡುವವರು "30×40, ಒಟ್ಟು 1,200" ಅಂದು ಬೆಲೆ ಕಟ್ಟಿದರೆ ಆಗ ತೊಂದರೆ.

ದರದಲ್ಲೂ ಇದೇ ಆಟ. ದಲ್ಲಾಳಿ ಹೇಳುವುದು ಚದರ ಅಡಿಯ ದರ. ಸರ್ಕಾರದ ಮಾರ್ಗಸೂಚಿ ದರದ ಪಟ್ಟಿಯಲ್ಲಿ ಸೈಟಿಗೆ ಚದರ ಮೀಟರ್ ದರ. ಒಂದು ಚದರ ಮೀಟರ್ 10.764 ಚದರ ಅಡಿ. ಪಟ್ಟಿಯಲ್ಲಿ ಚದರ ಮೀಟರಿಗೆ 10,000 ಅಂತಿದ್ದರೆ ಅದು ಚದರ ಅಡಿಗೆ 929 ರೂಪಾಯಿ ಅಷ್ಟೇ. "ಸರ್ಕಾರಿ ರೇಟೇ ಹತ್ತು ಸಾವಿರ ಇದೆ ಅಣ್ಣಾ, ನಾನು ನಿಮಗೆ ಎರಡು ಸಾವಿರಕ್ಕೆ ಕೊಡಿಸ್ತಿದೀನಿ" ಅನ್ನುವ ಮಾತು ಕೇಳಿದಾಗ ಯಾವ ಅಳತೆಗೆ ಹತ್ತು ಸಾವಿರ ಅಂತ ಮೊದಲು ಕೇಳಬೇಕು.

ಕಾನೂನು ಏನು ಹೇಳುತ್ತದೆ? 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 11ನೇ ಕಲಂ ಪ್ರಕಾರ ಬೆಲೆ ಹೇಳುವುದು, ಜಾಹೀರಾತು ಹಾಕುವುದು, ವ್ಯವಹಾರದಲ್ಲಿ ಅಳತೆ ನಮೂದಿಸುವುದು ಎಲ್ಲ ಮೆಟ್ರಿಕ್ ಆಧಾರದ ಪ್ರಮಾಣಿತ ಅಳತೆಯಲ್ಲೇ ಆಗಬೇಕು. ನಮ್ಮ ಗೋಡೆಬರಹ, ಬ್ಯಾನರು, ಪತ್ರಿಕೆಯ ಜಾಹೀರಾತು ನೋಡಿದರೆ ಅಲ್ಲಿ ಇನ್ನೂ ಅಡಿಯದೇ ರಾಜ್ಯಭಾರ.

ಹೆಕ್ಟೇರ್ ಲೆಕ್ಕದ ಪರಿಹಾರ

ಕೊಳ್ಳುವುದು ಮಾರುವುದು ಇಲ್ಲದವರಿಗೂ ಈ ಅಳತೆಯ ಬಿಸಿ ತಟ್ಟುತ್ತದೆ. ಬೆಳೆಹಾನಿ ಪರಿಹಾರ, ಬೆಳೆವಿಮೆ ಎಲ್ಲ ಹೆಕ್ಟೇರ್ ಲೆಕ್ಕದಲ್ಲಿವೆ. ಒಂದು ಹೆಕ್ಟೇರ್ ಅಂದರೆ 2.471 ಎಕರೆ. ಹುಷಾರು, ಇಲ್ಲಿರುವ ಚುಕ್ಕಿ ದಶಾಂಶದ ಚುಕ್ಕಿ. ಗುಂಟೆಯಲ್ಲಿ ಹೇಳುವುದಾದರೆ ಎರಡು ಎಕರೆ 19 ಗುಂಟೆಗೆ ಸ್ವಲ್ಪ ಕಡಿಮೆ. ಕೇಂದ್ರದ 2022-26ರ ವಿಪತ್ತು ಪರಿಹಾರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಟಿವಿಯಲ್ಲಿ ಎಂಟೂವರೆ ಸಾವಿರ ಅಂತ ಕೇಳಿದ ರೈತ ಎಕರೆಗೆ ಅಷ್ಟು ಬರುತ್ತದೆ ಅಂದುಕೊಂಡಿರುತ್ತಾನೆ. ನಿಜವಾಗಿ ಎಕರೆಗೆ ಬರುವುದು 3,440 ರೂಪಾಯಿ. ಖಾತೆಗೆ ದುಡ್ಡು ಬಿದ್ದ ದಿನ ಪಂಚಾಯ್ತಿ ಕಟ್ಟೆಯ ಮೇಲೆ "ಮಿಕ್ಕದ್ದು ಯಾರು ತಿಂದರು" ಅನ್ನುವ ಮಾತು ಏಳುತ್ತದೆ. ತಿಂದವರು ಇರಲೂಬಹುದು, ಆದರೆ ಕೇಳುವ ಮೊದಲು ಹೆಕ್ಟೇರನ್ನು ಎಕರೆಗೆ ಇಳಿಸಿ ನೋಡಿದರೆ ಪ್ರಶ್ನೆಗೆ ಬಲ ಬರುತ್ತದೆ.

ಮೊಬೈಲ್ ಕ್ಯಾಲ್ಕುಲೇಟರ್ ಮಾಡುವ ಎಡವಟ್ಟು

ಈಗ ಎಲ್ಲರ ಕೈಯಲ್ಲೂ ಫೋನಿದೆ, ಫೋನಲ್ಲಿ ಕ್ಯಾಲ್ಕುಲೇಟರ್ ಇದೆ. ಅದಕ್ಕೆ ನಲವತ್ತು ಗುಂಟೆಗೆ ಒಂದು ಎಕರೆ ಅನ್ನುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೂರರ ಲೆಕ್ಕ.

ಉದಾಹರಣೆಗೆ ಎಕರೆಗೆ 20 ಲಕ್ಷದಂತೆ 2 ಎಕರೆ 20 ಗುಂಟೆ ಮಾರಾಟ ಅಂದುಕೊಳ್ಳಿ. ಪಹಣಿಯಲ್ಲಿರುವಂತೆ 2.20 ಒತ್ತಿ 20ರಿಂದ ಗುಣಿಸಿದರೆ 44 ಲಕ್ಷ ಬರುತ್ತದೆ. ಸರಿಯಾದ ಲೆಕ್ಕ ಎರಡೂವರೆ ಎಕರೆಗೆ 50 ಲಕ್ಷ. ಮಾರುವವನಿಗೆ ಆರು ಲಕ್ಷ ಖೋತಾ.

ಅಣ್ಣ ತಮ್ಮಂದಿರ ಪಾಲಿನಲ್ಲೂ ಹಾಗೇ. 3 ಎಕರೆ 10 ಗುಂಟೆಯಲ್ಲಿ ಅಣ್ಣನಿಗೆ 1 ಎಕರೆ 25 ಗುಂಟೆ ಹೋದರೆ ತಮ್ಮನಿಗೆ ಎಷ್ಟು? 3.10ರಲ್ಲಿ 1.25 ಕಳೆದರೆ ಫೋನು 1.85 ಅನ್ನುತ್ತದೆ. 85 ಗುಂಟೆ ಅನ್ನುವುದೇ ಇಲ್ಲವಲ್ಲ. ಎಲ್ಲವನ್ನೂ ಗುಂಟೆಗೆ ಇಳಿಸಿ: 130 ಗುಂಟೆಯಲ್ಲಿ 65 ಕಳೆದರೆ 65. ಇಬ್ಬರಿಗೂ ಸಮಪಾಲು.

ಹಾಗಾದರೆ ಏನು ಮಾಡಬೇಕು?

ಎಕರೆ ಒಳ್ಳೆಯದೋ ಹೆಕ್ಟೇರ್ ಒಳ್ಳೆಯದೋ ಅನ್ನುವ ವಾದ ಮಾಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಖಂಡುಗದ ಗದ್ದೆ ಎಕರೆಯಾದರೂ ಅದೇ ಗದ್ದೆ. ಅಡಿ ಮೀಟರಾದರೂ ಸೈಟಿನಲ್ಲಿ ಒಂದು ಹಿಡಿ ಮಣ್ಣು ಕಡಿಮೆಯಾಗುವುದಿಲ್ಲ. ಮಾತು ಒಂದು ಅಳತೆಯಲ್ಲಿ, ಕಾಗದ ಇನ್ನೊಂದು ಅಳತೆಯಲ್ಲಿ ಇದ್ದಾಗಲೇ ನಮ್ಮ ನೆಲ ನಮಗೆ ಗೊತ್ತಿಲ್ಲದೆ ಕೈಜಾರುವುದು.

ಆದ್ದರಿಂದ ಮುಂಗಡ ಕೊಡುವ ಅಥವಾ ತೆಗೆದುಕೊಳ್ಳುವ ಮೊದಲು ಇಷ್ಟು ಮಾಡಿ. ಹೊಲದ ವ್ಯವಹಾರವಾದರೆ ಎಲ್ಲವನ್ನೂ ಗುಂಟೆಗೆ ಇಳಿಸಿ ಲೆಕ್ಕ ಹಾಕಿ. ಕರಾವಳಿಯವರಾದರೆ ಸೆಂಟ್ಸ್‌ಗೆ. ಪಹಣಿಯಲ್ಲಿ ಕರಾಬು ಎಷ್ಟಿದೆ ನೋಡಿ, ಅದನ್ನು ಕಳೆದ ಮೇಲಿನ ವಿಸ್ತೀರ್ಣಕ್ಕೆ ಬೆಲೆ ಮಾತಾಡಿ. ಸೈಟಾದರೆ ನಮೂನೆ 9 ಅಥವಾ ಹಂಚಿಕೆ ಪತ್ರದಲ್ಲಿರುವ ಚದರ ಮೀಟರನ್ನು 10.764ರಿಂದ ಗುಣಿಸಿ, ಬಂದ ಚದರ ಅಡಿಗೆ ಮಾತ್ರ ದುಡ್ಡು ಕೊಡಿ. ಜಾಗಕ್ಕೆ ಹೋಗಿ ಟೇಪು ಹಿಡಿದು ನಾಲ್ಕೂ ಬದಿ ಅಳೆಯಿರಿ. ರಸ್ತೆ ಬದಿ 30 ಇದ್ದು ಹಿಂದೆ 27 ಇರುವ ಸೈಟುಗಳು ಬೇಕಾದಷ್ಟಿವೆ.

ಕ್ರಯಪತ್ರ ಬರೆಸುವಾಗ ಎರಡೂ ಅಳತೆ ಬರೆಸಿ: ಇಷ್ಟು ಅಡಿ, ಅಂದರೆ ಇಷ್ಟು ಮೀಟರ್. 2.20 ಅಂತ ಬರೀ ಅಂಕಿ ಹಾಕಿಸಬೇಡಿ. "ಎರಡು ಎಕರೆ ಇಪ್ಪತ್ತು ಗುಂಟೆ" ಅಂತ ಅಕ್ಷರದಲ್ಲಿ ಬರೆಸಿ. ಜೊತೆಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ಸರಿಯಾಗಿರಲಿ. ವಿಸ್ತೀರ್ಣದ ಅಂಕಿಗೂ ಚಕ್ಕುಬಂದಿಗೂ ತಾಳೆಯಾಗದೆ ಜಗಳ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ತೂಕ ಬರುವುದು ಚಕ್ಕುಬಂದಿಗೇ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಅನ್ನುವುದು ಯಾವ ಸರ್ಕಾರ ಬಂದರೂ ಯಾವ ಅಳತೆ ಬಂದರೂ ಓದಲಿಕ್ಕೆ ಬರುತ್ತದೆ.

ಶಾಸನ ಕೆತ್ತಿಸಿದವರು ಗಳೆಯ ಹೆಸರನ್ನು ಕಲ್ಲಿನ ಮೇಲೆ ಬರೆಸಿದ್ದರು. ನಾವು ಛಾಪಾ ಕಾಗದದ ಮೇಲೆ ಅಷ್ಟನ್ನೂ ಬರೆಸದಿದ್ದರೆ ಹೇಗೆ? ಮನೆಯಲ್ಲಿರುವ ಪಹಣಿಯನ್ನು ಇವತ್ತೇ ತೆಗೆದು ವಿಸ್ತೀರ್ಣದ ಕಾಲಂ ಒಮ್ಮೆ ಓದಿ, ಮಕ್ಕಳಿಗೂ ಓದಿಸಿ. ಚುಕ್ಕಿಯ ಆಚೆ ಇರುವುದು ಗುಂಟೆಯೋ ಸೆಂಟ್ಸೋ ಅಂತ ಅವರಿಗೆ ಈಗಲೇ ಗೊತ್ತಾಗಲಿ.